ಬೈತಖೋಲ ಶಾಂತ, ದೇವಬಾಗ ಅಬ್ಬರ

ಮಳೆಗಾಲದಲ್ಲಿ ಕಾರವಾರದ ದೇವಬಾಗ ಕಡಲತೀರದ ದಡ ಮಾತ್ರ ಯಾಕೆ ಕೊರೆದುಹೋಗುತ್ತದೆ, ಕಲ್ಲು ಸುರಿದರೆ ನಿಲ್ಲುತ್ತದಾ ಅಂತ ಕೇಳಿದ್ದೀರಿ.

ಕಾರವಾರ ಕೊಲ್ಲಿಯ ಬಾಯಿ ಪಶ್ಚಿಮಕ್ಕೆ. ಜೂನ್‌ನಿಂದ ದೊಡ್ಡ ಅಲೆ ಬರುವುದೂ ಪಶ್ಚಿಮ, ನೈಋತ್ಯದಿಂದಲೇ. ಕೊಲ್ಲಿಯೊಳಗಿನ ಬಂದರು ಬೈತಖೋಲಕ್ಕೆ ದಕ್ಷಿಣದ ಗುಡ್ಡದ ಮರೆ ಇದೆ, ಜೊತೆಗೆ ಅಲೆತಡೆ ಗೋಡೆ ಬೇರೆ. ಕಾಳಿ ಅಳಿವೆಯ ಆಚೆಗಿರುವ ದೇವಬಾಗಕ್ಕೆ ಆ ಭಾಗ್ಯವಿಲ್ಲ. ಕೂರ್ಮಗಡ, ದೇವಗಡ ಚಿಕ್ಕ ದ್ವೀಪಗಳು, ಅಲೆ ಸುತ್ತಿಕೊಂಡು ಬಂದೇ ಬರುತ್ತದೆ.

ಕಲ್ಲು? ನನಗಂತೂ ಒಪ್ಪಿಗೆಯಿಲ್ಲ. ಗೋಡೆಗೆ ಬಡಿದು ವಾಪಸ್ ಹೋಗುವ ನೀರು ಬುಡದ ಮರಳನ್ನೇ ಎಳೆದೊಯ್ಯುತ್ತದೆ, ಕಲ್ಲು ಹೂತು ಕುಸಿಯುತ್ತದೆ. ಗೋಡೆ ಮುಗಿಯುವ ತುದಿಯಲ್ಲಿ ಪಕ್ಕದವರ ದಡ ಹೋಗುತ್ತದೆ. ಹಾಕಲೇಬೇಕೆಂದರೆ ಅಡಿಗೆ ಜಿಯೋಟೆಕ್ಸ್‌ಟೈಲ್ (ನೀರು ಬಿಟ್ಟು ಮರಳು ತಡೆಯುವ ಬಟ್ಟೆ) ಹಾಸಿ, ಕಡಲ ಕಡೆ ಇಳಿಜಾರು ಕೊಡಿಸಿ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅನುಮತಿಯೂ ಬೇಕು. ಅದಕ್ಕಿಂತ ಮೊದಲು ಮರಳು ದಿಬ್ಬ, ಅದರ ಮೇಲಿನ ಬಳ್ಳಿ ಕೀಳುವುದನ್ನು ನಿಲ್ಲಿಸಿ.