ಓದುಗರ ಪ್ರಶ್ನೆ: ಗೋಧಿ ಬಿಯರಿನ ಮನೆತನ, ಪಚ್ಚಬಾಳೆಯ ಘಮ

ಪ್ರಶ್ನೆ: ಮ್ಯೂನಿಕ್‌ನಲ್ಲಿ ಕೆಲಸದಲ್ಲಿರುವ ಮಗ ರಜೆಗೆ ಬಂದಾಗ ಷ್ನೈಡರ್ ವೈಸೆ ಎಂಬ ಬಿಯರ್ ತಂದಿದ್ದ. 1872ರಿಂದ ಒಂದೇ ಮನೆಯವರು ನಡೆಸುತ್ತಿದ್ದಾರಂತೆ, ನಿಜವೇ? ಮುಂದಿನ ಸಲ ಯಾವುದನ್ನು ತರಲು ಹೇಳಲಿ? — ಮಲ್ಲೇಶ್ವರದ ಓದುಗರು

ನಿಜ. ಮನೆಯ ಹಿರಿಮಗನಿಗೆ ಗೆಯೋರ್ಗ್ ಎಂದೇ ಹೆಸರಿಡುತ್ತಾ ಬಂದಿದ್ದಾರೆ. ಈಗಿನದು ಆರನೆಯ ಗೆಯೋರ್ಗ್ ಷ್ನೈಡರ್ ಅವರ ಕಾಲ.

ಗೋಧಿ ಬಿಯರ್ ಮಾಡುವ ಹಕ್ಕು ಬವೇರಿಯಾದಲ್ಲಿ ಎಲ್ಲರಿಗೂ ಇರಲಿಲ್ಲ. 1516ರ ಶಾಸನದಂತೆ ಬಿಯರಿಗೆ ಬಾರ್ಲಿ, ಹಾಪ್ಸ್ (ಕಹಿ ಕೊಡುವ ಹೂವು), ನೀರು ಇಷ್ಟೇ. ಗೋಧಿ ಬಳಸಲು ಡೆಗೆನ್‌ಬರ್ಗ್ ಎಂಬ ಪಾಳೆಯಗಾರ ಮನೆತನಕ್ಕೆ ವಿಶೇಷ ಅನುಮತಿ ಇತ್ತು. 1602ರಲ್ಲಿ ಆ ವಂಶ ನಿಂತುಹೋದಾಗ ಡ್ಯೂಕ್ ಮ್ಯಾಕ್ಸಿಮಿಲಿಯನ್ ಹಕ್ಕನ್ನು ಅರಮನೆಗೆ ಎಳೆದುಕೊಂಡ. ಬೊಕ್ಕಸಕ್ಕೆ ಅದು ಒಳ್ಳೆಯ ಆದಾಯವೇ ಆಯಿತು. 19ನೇ ಶತಮಾನದಲ್ಲಿ ಲಾಗರ್ ಬಿಯರ್ ಜನರನ್ನು ಸೆಳೆದ ಮೇಲೆ ಗೋಧಿ ಬಿಯರನ್ನು ಕೇಳುವವರು ಕಡಿಮೆಯಾದರು. ಅರಮನೆಯ ಗೋಧಿ ಬ್ರೂವರಿಯನ್ನು ಗುತ್ತಿಗೆಗೆ ಹಿಡಿದು ನಡೆಸುತ್ತಿದ್ದ ಮೊದಲನೆಯ ಗೆಯೋರ್ಗ್, ಎರಡನೇ ಲುಡ್ವಿಗ್ ದೊರೆಯ ಕಾಲದಲ್ಲಿ ಆ ಹಕ್ಕನ್ನು ಪಡೆದು, 1872ರಲ್ಲಿ ಮಗನ ಜೊತೆ ಮ್ಯೂನಿಕ್‌ನ ಟಾಲ್ ಬೀದಿಯಲ್ಲಿ ಸ್ವಂತ ಬ್ರೂವರಿ ಶುರುಮಾಡಿದ. ನಷ್ಟದ ಬಾಬತ್ತೆಂದು ಅರಮನೆಯೇ ಕೈಬಿಟ್ಟದ್ದನ್ನು ಹಿಡಿದುಕೊಂಡ ಧೈರ್ಯಕ್ಕೆ ಮೆಚ್ಚಬೇಕು.

1907ರಲ್ಲಿ, ಗಂಡನ ನಂತರ ಉದ್ಯಮ ನೋಡಿಕೊಳ್ಳುತ್ತಿದ್ದ ಮಟಿಲ್ಡೆ ಷ್ನೈಡರ್ ಕಾಲದಲ್ಲಿ ಆವೆಂಟಿನಸ್ ಬಂತು. ಬವೇರಿಯಾದ ಇತಿಹಾಸಕಾರನೊಬ್ಬನ ಹೆಸರು ಹೊತ್ತ, ಗೋಧಿಯಿಂದ ಮಾಡಿದ ಗಾಢ ಡಬಲ್ ಬಾಕ್ (ಆಲ್ಕೋಹಾಲ್ ಹೆಚ್ಚಿರುವ ಬಗೆ) ಇದು. 1920ರ ದಶಕದ ಕೊನೆಗೆ ಕುಟುಂಬ ಡ್ಯಾನ್ಯೂಬ್ ದಡದ ಕೆಲ್‌ಹೈಮ್‌ನಲ್ಲಿದ್ದ ಹಳೆಯ ಗೋಧಿ ಬ್ರೂವರಿಯನ್ನು ಕೊಂಡಿತು. ಅದು 1607ರದು. 1944ರ ಬಾಂಬ್ ದಾಳಿಯಲ್ಲಿ ಮ್ಯೂನಿಕ್‌ನ ಬ್ರೂವರಿ ನೆಲಸಮವಾದಾಗ ತಯಾರಿಕೆಯೆಲ್ಲ ಕೆಲ್‌ಹೈಮ್‌ಗೆ ಹೋಯಿತು, ಇಂದಿಗೂ ಅಲ್ಲೇ. ಟಾಲ್ ಬೀದಿಯಲ್ಲಿ ಊಟದ ಮನೆ ಉಳಿದಿದೆ.

ತರಿಸುವುದಾದರೆ ಟ್ಯಾಪ್ 7 ಮತ್ತು ಟ್ಯಾಪ್ 6, ಎರಡೂ ಒಂದೊಂದು ಇರಲಿ. ಟ್ಯಾಪ್ 7 ಎಂದರೆ ಮೂಲ ಬಿಯರ್. 5.4% ಆಲ್ಕೋಹಾಲ್, ಜೇನಿಗಿಂತ ತುಸು ಗಾಢ ಬಣ್ಣ. ಬೆಂಗಳೂರಿನ ಪಬ್‌ಗಳ ಹಳದಿ ಹೆಫೆವೈಜನ್ (ಯೀಸ್ಟ್ ಸೋಸದ ಗೋಧಿ ಬಿಯರ್) ಕುಡಿದು ರೂಢಿಯಾದವರಿಗೆ ಮೊದಲು ಇದು ಬೇರೆ ಜಾತಿಯದೇ ಅನ್ನಿಸುತ್ತದೆ. ಟ್ಯಾಪ್ 6 ಎಂದರೆ ಆವೆಂಟಿನಸ್, 8.2%. ಇದನ್ನು ತಂಪು ಕತ್ತಲೆಯಲ್ಲಿ ನಿಲ್ಲಿಸಿಟ್ಟರೆ ಕೆಲವು ವರ್ಷವೂ ಬಾಳುತ್ತದೆ. ಟ್ಯಾಪ್ 7 ಹಾಗಲ್ಲ, ಬೇಗ ಕುಡಿದರೇ ರುಚಿ. ಆವೆಂಟಿನಸ್ಸನ್ನು ಅರ್ಧ ಹೆಪ್ಪುಗಟ್ಟಿಸಿ ಮಂಜುಗಡ್ಡೆ ತೆಗೆದುಹಾಕಿದ ಐಸ್‌ಬಾಕ್ ಕೂಡ ಇದೆ, 12%. ಇಬ್ಬರು ಹಂಚಿಕೊಂಡರೆ ಒಂದು ಬಾಟಲಿ ಧಾರಾಳವಾಯಿತು.

ಪ್ರಶ್ನೆ: ಬಾಟಲಿಯ ತಳದಲ್ಲಿ ಕೆಸರಿನಂತೆ ಕೂತಿದೆ. ಹಾಳಾಗಿದೆಯೇ? ಪಬ್‌ನಲ್ಲಿ ನಿಂಬೆ ಹೋಳು ಸಿಕ್ಕಿಸಿ ಕೊಡುತ್ತಾರಲ್ಲ, ಮನೆಯಲ್ಲೂ ಹಾಗೇ ಮಾಡಬೇಕೇ? — ಜಯನಗರದ ಓದುಗರು

ಅದು ಯೀಸ್ಟ್, ಇರಬೇಕಾದದ್ದೇ. ಈ ಬಿಯರಿಗೆ ಬಾಟಲಿ ತುಂಬುವಾಗ ಹುದುಗದ ವರ್ಟನ್ನು (ಮಾಲ್ಟಿನಿಂದ ತೆಗೆದ ಸಿಹಿ ರಸ) ಸ್ವಲ್ಪ ಬೆರೆಸುತ್ತಾರೆ. ಬಾಟಲಿಯೊಳಗೇ ಇನ್ನೊಮ್ಮೆ ಹುದುಗಿ ಗ್ಯಾಸ್ ಹುಟ್ಟುತ್ತದೆ. ಉದ್ದನೆಯ ಅರ್ಧ ಲೀಟರ್ ಗ್ಲಾಸನ್ನು ತಣ್ಣೀರಲ್ಲಿ ಜಾಲಿಸಿ ಒದ್ದೆಯಾಗಿಯೇ ಇಟ್ಟುಕೊಳ್ಳಿ. ಒಣ ಗ್ಲಾಸಿನಲ್ಲಿ ನೊರೆ ಉಕ್ಕಿ ಮೇಜಿನ ಮೇಲೆ ಹರಿಯುತ್ತದೆ. ಗ್ಲಾಸು ಬಾಗಿಸಿ ನಿಧಾನಕ್ಕೆ ಸುರಿಯಿರಿ. ಬಾಟಲಿಯಲ್ಲಿ ಎರಡು ಬೆರಳಷ್ಟು ಉಳಿದಾಗ ಅದನ್ನು ಸುತ್ತಿಸಿ, ತಳದ ಯೀಸ್ಟ್ ಎದ್ದ ಮೇಲೆ ಉಳಿದದ್ದನ್ನೂ ಸುರಿಯಿರಿ. 7ರಿಂದ 10 ಡಿಗ್ರಿ ತಂಪು ಸಾಕು. ಫ್ರೀಜರಿಂದ ನೇರ ತೆಗೆದರೆ ಘಮವೇ ಏಳದು.

ನಿಂಬೆ ಬೇಡ. ಸಿಪ್ಪೆಯ ಎಣ್ಣೆ ನೊರೆಯನ್ನು ಕೊಲ್ಲುತ್ತದೆ, ಅದರ ಹುಳಿ ಈ ಬಿಯರಿನ ಲವಂಗದಂಥ ಪರಿಮಳವನ್ನು ಮುಚ್ಚುತ್ತದೆ.

ಹಾಳಾದದ್ದು ಗೊತ್ತಾಗುವುದು ಬೇರೆ ಗುರುತಿನಿಂದ: ಒದ್ದೆ ರಟ್ಟಿನ ವಾಸನೆ ಬಂದರೆ ಆಮ್ಲಜನಕ ಹೊಕ್ಕು ಹಳತಾಗಿದೆ. ಮುಚ್ಚಳ ತೆಗೆದೊಡನೆ ಅರ್ಧ ಬಾಟಲಿ ಚಿಮ್ಮಿ ಹುಳಿ ನಾತ ಬಂದರೆ ಕಾಡು ಯೀಸ್ಟ್ ಅಥವಾ ಬ್ಯಾಕ್ಟೀರಿಯಾ ಸೇರಿದೆ.

ಪ್ರಶ್ನೆ: ನಗರದ ಮೈಕ್ರೋಬ್ರೂವರಿಯೊಂದರಲ್ಲಿ ಸಹಾಯಕ ಬ್ರೂವರ್ ಆಗಿದ್ದೇನೆ. 500 ಲೀಟರ್ ಬ್ಯಾಚ್. ನಮ್ಮ ಹೆಫೆವೈಜನ್‌ನಲ್ಲಿ ಬಾಳೆಹಣ್ಣಿನ ಘಮ ಒಮ್ಮೆ ಬರುತ್ತದೆ, ಒಮ್ಮೆ ಬರುವುದೇ ಇಲ್ಲ. ಲವಂಗವಂತೂ ಸೊನ್ನೆ. — ವೈಟ್‌ಫೀಲ್ಡ್‌ನ ಓದುಗರು

ಎರಡೂ ಯೀಸ್ಟಿನ ಕೆಲಸ, ಆದರೆ ದಾರಿ ಬೇರೆ ಬೇರೆ. ಲವಂಗಕ್ಕೆ ಬೇಕಾದ ಕಚ್ಚಾವಸ್ತು ಫೆರುಲಿಕ್ ಆಮ್ಲ. ಅದು ಮಾಲ್ಟಿನ ಹೊಟ್ಟು, ಸಿಪ್ಪೆಯಲ್ಲಿ ಕಟ್ಟಿಕೊಂಡಿರುತ್ತದೆ, ಮ್ಯಾಷ್ (ಬಿಸಿನೀರಲ್ಲಿ ಕಲಸಿದ ಮಾಲ್ಟ್) 43ರಿಂದ 45 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಬಿಡುಗಡೆಯಾಗುತ್ತದೆ. ನೀವು ನೇರ 65 ಡಿಗ್ರಿಗೆ ಮ್ಯಾಷ್ ಮಾಡುತ್ತಿದ್ದರೆ ಲವಂಗ ಸೊನ್ನೆಯಾದದ್ದರಲ್ಲಿ ಆಶ್ಚರ್ಯವಿಲ್ಲ.

500 ಲೀಟರಿಗೆ ಗೋಧಿ ಮಾಲ್ಟ್ 60 ಕೆ.ಜಿ., ಪಿಲ್ಸ್‌ನರ್ ಬಾರ್ಲಿ ಮಾಲ್ಟ್ 40 ಕೆ.ಜಿ. ಹಾಕಿದರೆ ವರ್ಟಿನ ಸಾಂದ್ರತೆ ಸುಮಾರು 12 ಪ್ಲೇಟೋ ಸಿಗುತ್ತದೆ. (ಜರ್ಮನಿಯಲ್ಲಿ ಅರ್ಧಕ್ಕಿಂತ ಕಡಿಮೆ ಗೋಧಿ ಹಾಕಿ ವೈಜನ್ ಎಂದು ಮಾರುವಂತಿಲ್ಲ. ನಮ್ಮಲ್ಲಿ ಹೆಸರಿಡುವುದಕ್ಕೆ ಯಾರ ಅಡ್ಡಿಯೂ ಇಲ್ಲ.) 300 ಲೀಟರ್ ನೀರಿನಲ್ಲಿ ಕಲಸಿ 44 ಡಿಗ್ರಿಯಲ್ಲಿ 20 ನಿಮಿಷ, 63ರಲ್ಲಿ 35 ನಿಮಿಷ, 72ರಲ್ಲಿ 20 ನಿಮಿಷ, ಕೊನೆಗೆ 77ಕ್ಕೆ ಏರಿಸಿ ಸೋಸಲು ಬಿಡಿ. 50ರ ಆಸುಪಾಸು ಹೆಚ್ಚು ಹೊತ್ತು ನಿಲ್ಲಿಸಿದರೆ ನೊರೆಗೆ ಬೇಕಾದ ಪ್ರೋಟೀನ್ ಒಡೆದುಹೋಗುತ್ತದೆ. ಗೋಧಿಗೆ ಸಿಪ್ಪೆಯಿಲ್ಲ, ಸೋಸುವಾಗ ಹಾಸು ಕಟ್ಟಿಕೊಂಡರೆ ಮುಂದಿನ ಸಲ ತೊಳೆದ ಭತ್ತದ ಹೊಟ್ಟು 3ರಿಂದ 4 ಕೆ.ಜಿ. ಸೇರಿಸಿ. ಕುದಿ 60 ನಿಮಿಷ. ಆಲ್ಫಾ ಆಮ್ಲ 4% ಇರುವ ಹಾಲರ್ಟೌ ಹಾಪ್ಸ್ 600ರಿಂದ 700 ಗ್ರಾಂ, ಕುದಿಯ ಶುರುವಿನಲ್ಲೇ. ಕಹಿ 15 ಐಬಿಯು ದಾಟುವುದು ಬೇಡ.

ಬಾಳೆಹಣ್ಣಿನದು ಐಸೋಅಮೈಲ್ ಅಸಿಟೇಟ್ ಎಂಬ ಎಸ್ಟರ್. ಕಳಿತ ಪಚ್ಚಬಾಳೆಯ ಘಮವೇ ಅದು. ಒಮ್ಮೆ ಬಂದು ಒಮ್ಮೆ ಬರದಿದ್ದರೆ ಮೊದಲು ನೋಡಬೇಕಾದದ್ದು ನೀವು ಹಾಕುವ ಯೀಸ್ಟಿನ ಪ್ರಮಾಣ. ಹಿಂದಿನ ಟ್ಯಾಂಕಿನ ತಳದಿಂದ ಯೀಸ್ಟ್ ತೆಗೆದು ಅಂದಾಜಿನ ಮೇಲೆ ಸುರಿಯುವುದು ಪಬ್‌ಗಳಲ್ಲಿ ಸಾಮಾನ್ಯ. ಯೀಸ್ಟ್ ಹೆಚ್ಚಾದಷ್ಟೂ ಹೊಸ ಕೋಶ ಹುಟ್ಟುವುದು ಕಡಿಮೆ, ಎಸ್ಟರೂ ಕಡಿಮೆ. ಮೈಕ್ರೋಸ್ಕೋಪಿನಡಿ ಎಣಿಸಿ, ಮಿಲಿಲೀಟರಿಗೆ 60ರಿಂದ 70 ಲಕ್ಷ ಕೋಶಗಳಷ್ಟೇ ಇರಲಿ. ವರ್ಟಿಗೆ ಆಮ್ಲಜನಕವನ್ನು ಅತಿಯಾಗಿ ಊದುವುದೂ ಎಸ್ಟರನ್ನು ತಗ್ಗಿಸುತ್ತದೆ. 17 ಡಿಗ್ರಿಯಲ್ಲಿ ಯೀಸ್ಟ್ ಹಾಕಿ, ತಾನಾಗಿ 21ಕ್ಕೆ ಏರಲು ಬಿಡಿ. 24 ದಾಟಿದರೆ ಬಾಳೆಹಣ್ಣಿನ ಜೊತೆ ಥಿನ್ನರ್ ವಾಸನೆಯೂ ಸೇರುತ್ತದೆ. ಹುದುಗು ಮುಗಿಯುವ ಮೊದಲೇ ಟ್ಯಾಂಕ್ ಬಂದ್ ಮಾಡಿ ಒತ್ತಡ ಏರಿಸುತ್ತಿದ್ದೀರಾ? ಆ ಒತ್ತಡದಲ್ಲಿ ಎಸ್ಟರ್ ಅಡಗುತ್ತದೆ. ಬವೇರಿಯಾದ ಹಳೆಯ ಮನೆಗಳು ತೆರೆದ ತೊಟ್ಟಿಯನ್ನು ಇನ್ನೂ ಬಿಡದಿರುವುದು ಬರೀ ಸಂಪ್ರದಾಯಕ್ಕಲ್ಲ: ಅಲ್ಲಿ ಒತ್ತಡವಿಲ್ಲ, ಮೇಲೆ ತೇಲುವ ಚೊಕ್ಕ ಯೀಸ್ಟನ್ನೇ ಕೆನೆ ತೆಗೆದ ಹಾಗೆ ತೆಗೆದುಕೊಳ್ಳಬಹುದು.

ಇನ್ನೊಂದು. ಒಣ ಯೀಸ್ಟ್ ಬಳಸುತ್ತಿದ್ದರೆ ಅದರ ವಿವರ ಪತ್ರದಲ್ಲಿ ಡಯಾಸ್ಟಾಟಿಕಸ್ ಎಂದಿದೆಯೇ ನೋಡಿ. ಅಂಥ ತಳಿ, ಮಾಮೂಲಿ ಯೀಸ್ಟ್ ತಿನ್ನದೆ ಬಿಡುವ ಡೆಕ್ಸ್‌ಟ್ರಿನ್ನನ್ನೂ ತಿಂದು ಬಿಯರನ್ನು ತೆಳುಮಾಡುತ್ತದೆ. ಹೋಸು, ವಾಲ್ವ್‌ಗಳಲ್ಲಿ ಉಳಿದು ನಿಮ್ಮ ಬೇರೆ ಬಿಯರಿಗೂ ಅಂಟಿಕೊಳ್ಳುತ್ತದೆ.

ನೀರಿನ ಬಗ್ಗೆ ನೀವು ಕೇಳಿಲ್ಲ, ಆದರೂ: ಕಾವೇರಿ ನೀರಾದರೆ ಕಾರ್ಬನ್ ಫಿಲ್ಟರ್ ಕಡ್ಡಾಯ. ಕ್ಲೋರಿನ್ ಉಳಿದರೆ ಲವಂಗದ ಜಾಗದಲ್ಲಿ ಆಸ್ಪತ್ರೆಯ ಬ್ಯಾಂಡೇಜ್ ವಾಸನೆ ಬರುತ್ತದೆ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಗಡುಸು. ಆರ್‌ಒ ಮಾಡಿ, ಸಕ್ಕರೆ ಒಡೆಯುವ ಹಂತದಲ್ಲಿ ಮ್ಯಾಷ್‌ನ ಪಿಎಚ್ 5.3ರಿಂದ 5.5ರೊಳಗೆ ಇದೆಯೇ ನೋಡಿ.

ಪ್ರಶ್ನೆ: ಬೆಂಗಳೂರಿನ ಕಿಂಗ್‌ಫಿಷರ್ ಕೂಡ ಒಂದು ಕುಟುಂಬದ ಬ್ರೂವರಿಯೇ ಅಲ್ಲವೇ? — ಶಾಂತಿನಗರದ ಓದುಗರು

ಅರ್ಧ ಸರಿ. ಕಿಂಗ್‌ಫಿಷರ್ ತಯಾರಿಸುವ ಯುನೈಟೆಡ್ ಬ್ರೂವರೀಸ್ ಹುಟ್ಟಿದ್ದು 1915ರಲ್ಲಿ, ಥಾಮಸ್ ಲೀಷ್‌ಮನ್ ಎಂಬ ಸ್ಕಾಟಿಷ್ ವ್ಯಾಪಾರಿ ದಕ್ಷಿಣದ ಐದು ಬ್ರೂವರಿಗಳನ್ನು ಒಂದುಗೂಡಿಸಿದಾಗ. ಅವುಗಳಲ್ಲಿ ಹಳೆಯದಾದ ಕ್ಯಾಸಲ್ ಬ್ರೂವರಿ 1857ರದು. ಮುಖ್ಯ ಗಿರಾಕಿ ಬ್ರಿಟಿಷ್ ಸೈನ್ಯ. ವಿಠ್ಠಲ್ ಮಲ್ಯ 1947ರಲ್ಲಿ ಕಂಪನಿಯ ಮೊದಲ ಭಾರತೀಯ ನಿರ್ದೇಶಕರಾದರು, ಮರುವರ್ಷ ಅಧ್ಯಕ್ಷರು. 1983ರಲ್ಲಿ ಅವರು ತೀರಿಕೊಂಡ ಮೇಲೆ ಮಗ ವಿಜಯ್ ಮಲ್ಯ ಕೈಗೆ ಬಂತು. 2021ರಿಂದ ಹಿಡಿತ ಡಚ್ ಕಂಪನಿ ಹೈನೆಕೆನ್‌ನದು. ಹಾಗಾಗಿ ಎರಡು ತಲೆಮಾರಿನ ಮಟ್ಟಿಗೆ ಮನೆತನದ್ದು, ಈಗಲ್ಲ.

ಪ್ರಶ್ನೆ: ರಾಗಿಯಿಂದ ಬಿಯರ್ ಮಾಡಬಹುದೇ? ಮನೆಯಲ್ಲಿ ಮಾಡಿ ನೋಡುವ ಆಸೆ. — ಯಲಹಂಕದ ಓದುಗರು

ಮನೆಯಲ್ಲಿ ಬೇಡ. ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಕರ್ನಾಟಕ ಅಬಕಾರಿ ಕಾಯ್ದೆಯಂತೆ ಅಪರಾಧ. ಪರವಾನಗಿ ಇರುವ ಕಡೆ ಖಂಡಿತ ಆಗುತ್ತದೆ. ಮೊಳಕೆ ಕಟ್ಟಿದ ರಾಗಿಯಲ್ಲಿ ಪಿಷ್ಟ ಒಡೆಯುವ ಆಲ್ಫಾ ಅಮೈಲೇಸ್ ಚೆನ್ನಾಗಿಯೇ ಇರುತ್ತದೆ, ಬೀಟಾ ಅಮೈಲೇಸ್ ಕಡಿಮೆ. ಅದಕ್ಕೇ ಬಾರ್ಲಿ ಮಾಲ್ಟಿನ ಜೊತೆ ಶೇ. 20ರಷ್ಟು ರಾಗಿ ಹಾಕಿ ಶುರುಮಾಡುವುದು ಕ್ಷೇಮ. ರಾಗಿಯ ಪಿಷ್ಟ ಬೇಯಲು ಬಾರ್ಲಿಗಿಂತ ಹೆಚ್ಚು ಶಾಖ ಬೇಕು, ಆದ್ದರಿಂದ ರಾಗಿಯನ್ನು ಬೇರೆ ಪಾತ್ರೆಯಲ್ಲಿ ಗಂಜಿ ಕಾಯಿಸಿಕೊಂಡು ಮ್ಯಾಷ್‌ಗೆ ಸೇರಿಸಬೇಕು. ಸೇರಿಸುವಾಗ ಒಟ್ಟು ಉಷ್ಣತೆ 68 ಡಿಗ್ರಿ ದಾಟದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಬಾರ್ಲಿಯ ಬೀಟಾ ಅಮೈಲೇಸೂ ಸತ್ತುಹೋಗುತ್ತದೆ. ಕಾಳು ಸಣ್ಣದು, ಬಾರ್ಲಿಗೆ ಹೊಂದಿಸಿದ ಮಿಲ್ಲಿನ ರೋಲರ್ ನಡುವಿನಿಂದ ಒಡೆಯದೆ ಜಾರಿಬಿಡುತ್ತದೆ. ರೋಲರನ್ನು ಹತ್ತಿರ ತಂದು ರಾಗಿಯನ್ನಷ್ಟೇ ಪ್ರತ್ಯೇಕವಾಗಿ ತರಿ ತರಿಯಾಗಿ ಒಡೆದುಕೊಳ್ಳಿ. ನುಣ್ಣಗೆ ಹಿಟ್ಟಾದರೆ ಸೋಸುವ ತಟ್ಟೆ ಮುದ್ದೆ ಹಿಡಿದು ಕೂರುತ್ತದೆ. ಬಾರ್ಲಿ ಸೇರಿದ ಮೇಲೆ ಗ್ಲುಟೆನ್ ಮುಕ್ತ ಎಂದು ಫಲಕ ಹಾಕುವಂತಿಲ್ಲ, ಕೆಲವು ಕಡೆ ಮಾಣಿಗಳು ಹಾಗೆ ಹೇಳಿದರೂ.