ಮೇಲುಕೋಟೆಯಲ್ಲಿ ಮಕ್ಕಳು ಮತ್ತು ಹಿರಿಯರೊಂದಿಗೆ ನಡೆದು ನೋಡಬಹುದಾದ ದಾರಿಗಳು ಯಾವುವು?

ಆರು ಮತ್ತು ಹತ್ತು ವರ್ಷದ ಇಬ್ಬರು ಮಕ್ಕಳಿದ್ದಾರೆ, ಮಂಡಿನೋವಿರುವ ತಾಯಿಯವರೂ ಜೊತೆಗೆ ಬರುತ್ತಾರೆ, ಒಂದು ರಾತ್ರಿ ತಂಗುವ ಯೋಚನೆಯಿದೆ, ದರ್ಶನ ಮುಗಿಸಿ ಕಾರು ಹತ್ತಿ ಹೊರಡುವುದಕ್ಕಿಂತ ಊರಿನ ಸುತ್ತಮುತ್ತ ನಿಧಾನವಾಗಿ ನಡೆದಾಡುವ ಆಸೆಯಿದೆ ಎಂದು ಬರೆದಿದ್ದೀರಿ. ಇದಕ್ಕೆ ಮೇಲುಕೋಟೆ ತಕ್ಕ ಊರೇ ಎಂದು ಕೇಳಿದ್ದೀರಿ. ಖಂಡಿತವಾಗಿಯೂ ತಕ್ಕ ಊರು. ಆದರೆ ಬೆಟ್ಟವನ್ನೇ ಮೊದಲ ಗುರಿಯಾಗಿ ಇಟ್ಟುಕೊಳ್ಳಬೇಡಿ. ಕೊಳದಿಂದ ಕೊಳಕ್ಕೆ ನಡೆಯಿರಿ ಎಂಬುದು ನನ್ನ ಸಲಹೆ.

ಮೇಲುಕೋಟೆಗೆ ಬರುವ ಬಹುಪಾಲು ಜನ ಚೆಲುವನಾರಾಯಣನ ದರ್ಶನ ಮಾಡಿ, ಯೋಗನರಸಿಂಹನ ಬೆಟ್ಟ ಹತ್ತಿ ಇಳಿದು, ಕಲ್ಯಾಣಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಪುಳಿಯೋಗರೆ ತಿಂದು ಮಧ್ಯಾಹ್ನದೊಳಗೆ ಹೊರಟುಬಿಡುತ್ತಾರೆ. ಅವರ ಕಣ್ಣಿಗೆ ಬೀಳದ ಸಂಗತಿಯೆಂದರೆ ಈ ಊರು ಬದುಕಿ ಬಂದಿರುವುದೇ ಕೊಳಗಳಿಂದ. ಸಮುದ್ರಮಟ್ಟದಿಂದ 3,000 ಅಡಿಗೂ ಹೆಚ್ಚು ಎತ್ತರದಲ್ಲಿ, ನದಿಯಿಲ್ಲದ ಬಂಡೆಗಾಡಿನ ಮೇಲೆ ನೆಲೆಸಿದ ಜನ, ಬಿದ್ದ ಮಳೆಯ ನೀರು ಬಂಡೆಯ ಮೇಲಿಂದ ಜಾರಿ ಎಲ್ಲಿ ಸೇರುತ್ತದೆಯೋ ಅಲ್ಲೆಲ್ಲ ಮೆಟ್ಟಿಲು ಕಟ್ಟಿ, ಕಟ್ಟೆ ಏರಿಸಿ ಅದನ್ನು ಹಿಡಿದಿಟ್ಟುಕೊಂಡರು. ಊರಿನಲ್ಲಿ ಮತ್ತು ಸುತ್ತಮುತ್ತ ನೂರೆಂಟು ಕೊಳಗಳಿವೆ ಎಂಬ ಮಾತು ರೂಢಿಯಲ್ಲಿದೆ. ಅವುಗಳಲ್ಲಿ ಕೆಲವು ಹೂಳು ತುಂಬಿ ಮುಳ್ಳುಗಿಡಗಳಲ್ಲಿ ಮರೆಯಾಗಿದ್ದರೂ ಉಳಿದವನ್ನು ನೋಡುತ್ತ ಹೋದರೆ ನಿಮ್ಮಂಥ ಕುಟುಂಬಕ್ಕೆ ಹೇಳಿ ಮಾಡಿಸಿದಂಥ ನಡಿಗೆ ತಾನಾಗಿಯೇ ಒದಗುತ್ತದೆ. ಒಂದರಿಂದ ಇನ್ನೊಂದಕ್ಕೆ ದೂರ ಕಡಿಮೆ. ಹೋದಲ್ಲೆಲ್ಲ ತಾಯಿಯವರು ಕುಳಿತುಕೊಳ್ಳಲು ಕಲ್ಲಿನ ಮೆಟ್ಟಿಲೋ ಮಂಟಪದ ಜಗಲಿಯೋ ಸಿಗುತ್ತದೆ, ಮಕ್ಕಳಿಗೆ ಪ್ರತಿ ಸಲವೂ ನೋಡಲು ಹೊಸತೇನಾದರೂ ಇರುತ್ತದೆ.

ಬೆಂಗಳೂರಿನಿಂದ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಊರು ಸೇರಿ, ಬಿಸಿಲು ಇಳಿಯುವವರೆಗೆ ವಿಶ್ರಾಂತಿ ತೆಗೆದುಕೊಳ್ಳಿ; ಹೇಗೂ ಆ ಹೊತ್ತಿನಲ್ಲಿ ದೇವಸ್ಥಾನದ ಬಾಗಿಲು ಹಾಕಿರುತ್ತದೆ. ಸಂಜೆಯ ಮೊದಲ ನಡಿಗೆಗೆ ಕಲ್ಯಾಣಿಯೇ ಸಾಕು. ಬೆಟ್ಟದ ಬುಡದಲ್ಲಿರುವ ಈ ದೊಡ್ಡ ಪುಷ್ಕರಿಣಿಗೆ ಮೆಟ್ಟಿಲುಗಳ ಸಾಲು, ದಡದಲ್ಲಿ ಕಂಬದ ಮಂಟಪಗಳು, ನೇರ ಮೇಲೆ ತಲೆಯೆತ್ತಿದರೆ ಬೆಟ್ಟದ ನೆತ್ತಿಯ ಮೇಲೆ ನರಸಿಂಹನ ಗುಡಿ. ಭುವನೇಶ್ವರಿ ಮಂಟಪದಲ್ಲಿ ತಾಯಿಯವರನ್ನು ಕೂರಿಸಿ ನೀವು ಮಕ್ಕಳೊಂದಿಗೆ ಸುತ್ತು ಹಾಕಬಹುದು. ಮಳೆಗಾಲ ಕಳೆದು ನೀರು ಇಳಿಯುತ್ತ ಹೋದಂತೆ ಮೆಟ್ಟಿಲುಗಳ ಕಲ್ಲಿನ ಮೇಲೆ ಒಂದರ ಕೆಳಗೊಂದು ಮಾಸಲು ಗೆರೆಗಳು ಉಳಿಯುತ್ತವೆ. ಕೊಳ ತುಂಬಿದ್ದಾಗ ನೀರು ಎಲ್ಲಿಯವರೆಗೆ ಬಂದಿತ್ತು, ಈಗ ಎಷ್ಟು ಮೆಟ್ಟಿಲು ಇಳಿದಿದೆ ಎಂದು ಮಕ್ಕಳಿಗೇ ಎಣಿಸಿ ಹೇಳಲು ಬಿಡಿ. ಪುಸ್ತಕದಲ್ಲಿ ಓದುವ ಮಳೆನೀರಿನ ಸಂಗ್ರಹ ಅವರಿಗೆ ಅಲ್ಲಿ ಕಣ್ಣಾರೆ ಅರ್ಥವಾಗುತ್ತದೆ. ನೀರಿಗೆ ತಾಗಿದ ಕೊನೆಯ ಮೆಟ್ಟಿಲುಗಳಲ್ಲಿ ಮಾತ್ರ ಪಾಚಿ ಕಟ್ಟಿರುತ್ತದೆ, ಆಳವೂ ಒಮ್ಮೆಲೇ ಹೆಚ್ಚುತ್ತದೆ. ಆದ್ದರಿಂದ ಚಿಕ್ಕ ಮಗುವಿನ ಕೈ ಬಿಡಬೇಡಿ.

ಕಲ್ಯಾಣಿಯಿಂದ ದೇವಸ್ಥಾನಕ್ಕೆ ವಾಹನದಲ್ಲಿ ಹೋಗುವುದು ಬೇಡ, ಬೀದಿಗಳಲ್ಲಿ ನಡೆದೇ ಹೋಗಿ. ಹೆಂಚಿನ ಮಾಡು, ಮರದ ಕಂಬ, ಬೀದಿಗೆ ತೆರೆದ ಜಗಲಿಯಿರುವ ಹಳೆಯ ಮನೆಗಳು ಇನ್ನೂ ಉಳಿದಿವೆ. ಈ ಊರು ಕೈಮಗ್ಗದ ಪಂಚೆಗಳಿಗೆ ಹೆಸರುವಾಸಿ. ಮಗ್ಗದ ಸದ್ದು ಕೇಳಿಸಿದ ಮನೆಯ ಮುಂದೆ ನಿಂತು ವಿನಯದಿಂದ ಕೇಳಿಕೊಂಡರೆ ನೇಯುವವರು ಸಾಮಾನ್ಯವಾಗಿ ಒಳಗೆ ಕರೆದು ತೋರಿಸುತ್ತಾರೆ. ಲಾಳಿ ಅತ್ತಿಂದಿತ್ತ ಓಡುವುದನ್ನು ಹತ್ತಿರದಿಂದ ನೋಡಿದ ಮಗು ಅದನ್ನು ಬಹುಕಾಲ ಮರೆಯುವುದಿಲ್ಲ. ಕವಿ ಪು.ತಿ. ನರಸಿಂಹಾಚಾರ್ (1905–1998) ಹುಟ್ಟಿದ್ದು ಈ ಊರಿನಲ್ಲಿ, ಅವರ ಮನೆಯನ್ನು ಸ್ಮಾರಕವಾಗಿ ಕಾಪಾಡಿದ್ದಾರೆ. ಬಾಗಿಲು ತೆರೆದಿದ್ದರೆ ಹತ್ತು ನಿಮಿಷ ಒಳಗೆ ಹೋಗಿ ಬನ್ನಿ.

ಚೆಲುವನಾರಾಯಣ ದೇವಸ್ಥಾನದ ಚರಿತ್ರೆಯನ್ನು ಮಕ್ಕಳಿಗೆ ಉದ್ದವಾಗಿ ಹೇಳುವುದಕ್ಕಿಂತ, 12ನೆಯ ಶತಮಾನದಲ್ಲಿ ಶ್ರೀ ರಾಮಾನುಜಾಚಾರ್ಯರು ತಮಿಳುನಾಡಿನಿಂದ ಬಂದು, ಹೊಯ್ಸಳರ ವಿಷ್ಣುವರ್ಧನನ ಆಶ್ರಯದಲ್ಲಿ ಇಲ್ಲಿ ಸುಮಾರು ಹನ್ನೆರಡು ವರ್ಷ ನೆಲೆಸಿ ಪೂಜೆಯ ಕ್ರಮವನ್ನು ವ್ಯವಸ್ಥೆಗೊಳಿಸಿದರು ಎಂಬಷ್ಟನ್ನು ಹೇಳಿ, ಆಮೇಲೆ ಅವರಿಗೊಂದು ಕೆಲಸ ಕೊಡಿ. ನವರಂಗದ, ಅಂದರೆ ಗುಡಿಯೊಳಗಿನ ಕಂಬಗಳ ಮಂಟಪದ, ಕಂಬವೊಂದರ ಮೇಲೆ ಮೈಸೂರಿನ ರಾಜ ಒಡೆಯರ ಪುಟ್ಟ ಉಬ್ಬುಶಿಲ್ಪವಿದೆ. ಅರಸರು ದೇವರ ಎದುರಿಗೆ ಕೈಮುಗಿದು ನಿಂತಿದ್ದಾರೆ. 1578ರಿಂದ 1617ರವರೆಗೆ ಆಳಿದ, ದೇವರಿಗೆ ರಾಜಮುಡಿ ಎಂಬ ಕಿರೀಟ ಒಪ್ಪಿಸಿದ ಅರಸರು ಅವರೇ. ಆ ಶಿಲ್ಪ ಎಲ್ಲಿದೆ ಎಂದು ಹುಡುಕುವುದರಲ್ಲಿ ಮಕ್ಕಳಿಗೆ ಇಡೀ ನವರಂಗವನ್ನೇ ಗಮನವಿಟ್ಟು ನೋಡಿದಂತಾಗುತ್ತದೆ.

ಎರಡನೆಯ ದಿನದ ಬೆಳಗ್ಗೆ ಬೆಟ್ಟ. ಮೆಟ್ಟಿಲುಗಳು ಮುನ್ನೂರಕ್ಕೂ ಹೆಚ್ಚಿವೆ. ನಡುನಡುವೆ ದಣಿವಾರಿಸಿಕೊಳ್ಳಲು ಮಂಟಪಗಳಿದ್ದರೂ ನಿಮ್ಮ ತಾಯಿಯವರ ಮಂಡಿಗೆ ಇದು ಹಿತವಲ್ಲ. ಹತ್ತುವುದಕ್ಕಿಂತ ಇಳಿಯುವಾಗಲೇ ಮಂಡಿಯ ಮೇಲೆ ಹೆಚ್ಚು ಭಾರ ಬೀಳುತ್ತದೆ ಎಂಬುದನ್ನು ನೆನಪಿಡಿ. ಅವರನ್ನು ಊರಿನಲ್ಲೇ ಇರಲು ಒಪ್ಪಿಸಿ, ನೀವು ಮಕ್ಕಳೊಂದಿಗೆ ಬಿಸಿಲು ಏರುವ ಮೊದಲು ಹೋಗಿಬನ್ನಿ. ಕೋತಿಗಳು ಬಹಳ, ಕೈಚೀಲ ಕಂಡರೆ ಕಿತ್ತುಕೊಳ್ಳುತ್ತವೆ. ಹಣ್ಣು, ಬಿಸ್ಕತ್ತನ್ನು ಮಕ್ಕಳ ಕೈಯಲ್ಲಿ ಕೊಡಬೇಡಿ. ಮೇಲೆ ಟಿಪ್ಪು ಸುಲ್ತಾನ್ ಕೊಟ್ಟದ್ದೆಂದು ಹೇಳುವ ದೊಡ್ಡ ನಗಾರಿಯೊಂದಿದೆ, ಅದನ್ನು ಮಕ್ಕಳಿಗೆ ತೋರಿಸಿ. ದರ್ಶನವಾದ ಮೇಲೆ ಪ್ರಾಕಾರದ ಅಂಚಿನಲ್ಲಿ ನಿಂತು ಕೆಳಗೆ ನೋಡಿದರೆ ನಿನ್ನೆ ಸುತ್ತಿದ ಕಲ್ಯಾಣಿ ಚೌಕಾಕಾರದ ಹಸಿರು ತುಂಡಾಗಿ ಕಾಣಿಸುತ್ತದೆ, ಊರಿನ ಹೆಂಚುಗಳ ನಡುವೆ ಅಲ್ಲಲ್ಲಿ ಬೇರೆ ಕೊಳಗಳೂ ಹೊಳೆಯುತ್ತವೆ. ಮುಂದಿನ ನಡಿಗೆ ಯಾವ ದಿಕ್ಕಿಗೆ ಎಂದು ಅಲ್ಲಿಂದಲೇ ಮಕ್ಕಳಿಗೆ ಬೆರಳು ಮಾಡಿ ತೋರಿಸಬಹುದು.

ಇಡೀ ಮೇಲುಕೋಟೆಯಲ್ಲಿ ಒಂದೇ ನಡಿಗೆಗೆ ಸಮಯವಿದೆ ಎಂದು ಯಾರಾದರೂ ಹೇಳಿದರೆ ನಾನು ಸೂಚಿಸುವುದು ರಾಯಗೋಪುರ ಮತ್ತು ಅಕ್ಕತಂಗಿಯರ ಕೊಳದ ದಾರಿಯನ್ನು. ದೇವಸ್ಥಾನದ ಬೀದಿಯಿಂದ ಹೊರಟರೆ ಮಕ್ಕಳ ನಡಿಗೆಯಲ್ಲೂ ಅರ್ಧ ಗಂಟೆಯೊಳಗೆ ತಲುಪಬಹುದು. ತಾಯಿಯವರನ್ನು ವಾಹನದಲ್ಲಿ ಹತ್ತಿರದವರೆಗೆ ಕರೆದೊಯ್ಯಲೂ ಅಡ್ಡಿಯಿಲ್ಲ. ರಾಯಗೋಪುರವೆಂದರೆ ಪೂರ್ತಿಯಾಗದ ಹೆಬ್ಬಾಗಿಲು. ಆಕಾಶಕ್ಕೆ ನೇರವಾಗಿ ನಿಂತ ಭಾರಿ ಕಲ್ಲಿನ ಕಂಬಗಳ ಮೇಲೆ ಗೋಪುರ ಏರಲೇ ಇಲ್ಲ. ಒಂದೇ ರಾತ್ರಿಯಲ್ಲಿ ಕಟ್ಟಲು ಹೊರಟು ಬೆಳಕು ಹರಿದದ್ದರಿಂದ ನಿಂತುಹೋಯಿತೆಂದು ಜನರು ಕಥೆ ಹೇಳುತ್ತಾರೆ. ಕೆತ್ತನೆಯ ಕೆಲಸ ಇಷ್ಟು ಸೂಕ್ಷ್ಮವಾಗಿರುವಾಗ ಅದು ಒಂದು ರಾತ್ರಿಯ ಮಾತಲ್ಲ ಎಂಬುದು ಮಕ್ಕಳಿಗೂ ಹೊಳೆಯುತ್ತದೆ. ಹಾಗಾದರೆ ಏಕೆ ನಿಂತಿರಬಹುದು ಎಂದು ಕೇಳಿದರೆ ಅವರು ಹೇಳುವ ಉತ್ತರಗಳನ್ನು ಕೇಳುವುದೇ ಒಂದು ಸಂತೋಷ. ಅಪೂರ್ಣವಾಗಿ ಉಳಿದ ಕಟ್ಟಡದಿಂದ ಕಲಿಯುವಷ್ಟನ್ನು ಪೂರ್ತಿಯಾದದ್ದರಿಂದ ಕಲಿಯಲಾಗುವುದಿಲ್ಲ ಎಂದು ನನಗೆ ಅನ್ನಿಸುತ್ತದೆ: ಕಂಬದ ಮೇಲೆ ತೊಲೆ ಹೇಗೆ ಕೂರುತ್ತದೆ, ಭಾರ ಎಲ್ಲಿಗೆ ಇಳಿಯುತ್ತದೆ ಎಂಬುದೆಲ್ಲ ಇಲ್ಲಿ ಮರೆಯಿಲ್ಲದೆ ಕಾಣಿಸುತ್ತದೆ. ಸುತ್ತಲಿನ ಬಂಡೆಗಳಲ್ಲಿ ಸಾಲಾಗಿ ಕೊರೆದ ಚಿಕ್ಕ ಗುಳಿಗಳು ಕಂಡರೆ ಮಕ್ಕಳಿಗೆ ತೋರಿಸಿ. ಕಲ್ಲುಕುಟಿಗರು ಇಂಥ ಗುಳಿಗಳಿಗೆ ಬೆಣೆ ಹೊಡೆದು ಬಂಡೆಯನ್ನು ನೇರವಾಗಿ ಸೀಳುತ್ತಿದ್ದರು.

ಪಕ್ಕದಲ್ಲೇ ಅಕ್ಕತಂಗಿಯರ ಕೊಳ. ಒಂದಕ್ಕೊಂದು ಅಂಟಿದಂತಿರುವ ಎರಡು ಕೊಳಗಳಲ್ಲಿ ಒಂದರ ನೀರು ಕುಡಿಯಲು ಯೋಗ್ಯ, ಇನ್ನೊಂದರದು ಅಲ್ಲ ಎಂಬ ನಂಬಿಕೆಯಿದೆ. ಇಬ್ಬರು ಸೋದರಿಯರು ಕೊಳ ಕಟ್ಟಿಸಿದರು, ಒಬ್ಬಳು ಭಕ್ತಿಯಿಂದ ಕಟ್ಟಿಸಿದಳು, ಇನ್ನೊಬ್ಬಳು ಖರ್ಚಾದ ಕಾಸುಕಾಸಿಗೂ ಲೆಕ್ಕ ಇಟ್ಟಳು, ಅದಕ್ಕೇ ಅವಳ ಕೊಳದ ನೀರು ಕೆಟ್ಟಿತು ಎಂಬುದು ಕಥೆ. ಲೆಕ್ಕ ಇಡುವುದು ತಪ್ಪೇ ಎಂದು ನಿಮ್ಮ ದೊಡ್ಡ ಮಗು ಕೇಳಿದರೆ ಅಜ್ಜಿಗೆ ಉತ್ತರ ಹೇಳಲು ಬಿಡಿ. ಕಥೆ ಏನೇ ಇರಲಿ, ಕುಡಿಯುವ ನೀರನ್ನು ಮಾತ್ರ ನೀವೇ ಒಯ್ಯಿರಿ. ಸಂಜೆ ನಾಲ್ಕೂವರೆಯ ನಂತರ ಈ ಬಯಲಿನಲ್ಲಿ ಗಾಳಿ ತಂಪಾಗಿರುತ್ತದೆ, ಚಪ್ಪಟೆ ಬಂಡೆಗಳ ಮೇಲೆ ಮಕ್ಕಳು ಓಡಾಡಬಹುದು, ಹಿರಿಯರು ಕುಳಿತು ದೂರದ ಬಯಲು ನೋಡಬಹುದು. ಇಲ್ಲಿಗೆ ಅವಸರದಲ್ಲಿ ಬರಬೇಡಿ.

ಧನುಷ್ಕೋಟಿಯ ವಿಷಯ ಸ್ವಲ್ಪ ಬೇರೆ. ವನವಾಸದ ಕಾಲದಲ್ಲಿ ಸೀತೆಗೆ ಬಾಯಾರಿದಾಗ ರಾಮನು ಬಂಡೆಗೆ ಬಾಣ ಬಿಟ್ಟು ನೀರು ತರಿಸಿದ ಜಾಗವೆಂದು ಅದನ್ನು ತೋರಿಸುತ್ತಾರೆ. ಊರಿನಿಂದ ಕೊಂಚ ದೂರ, ದಾರಿ ಕಲ್ಲುಮುಳ್ಳಿನದು, ನೆರಳು ಕಡಿಮೆ. ಹತ್ತು ವರ್ಷದ ಮಗುವಿಗೆ ತೊಂದರೆಯಾಗದು. ಚಿಕ್ಕದನ್ನು ಮರಳುವಾಗ ಎತ್ತಿಕೊಳ್ಳಬೇಕಾಗಬಹುದು. ಊರಿನವರೊಬ್ಬರನ್ನು ದಾರಿ ತೋರಿಸಲು ಜೊತೆಗೆ ಕರೆದುಕೊಂಡು ಬೆಳಗಿನ ತಂಪಿನಲ್ಲಿ ಹೋಗುವುದಾದರೆ ಹೋಗಿ, ಇಲ್ಲವಾದರೆ ಮಕ್ಕಳು ದೊಡ್ಡವರಾದ ಮೇಲೆ ನೋಡಿದರಾಯಿತು.

ಇದೇ ರೀತಿ ಅಷ್ಟತೀರ್ಥಗಳ ಸುತ್ತನ್ನೂ ಪೂರ್ತಿ ಮಾಡುವ ಹಟ ಬೇಡ. ಮೇಲುಕೋಟೆಯ ಸುತ್ತಲಿನ ಎಂಟು ತೀರ್ಥಗಳಿಗೆ ಕಾರ್ತಿಕ ಮಾಸದಲ್ಲಿ ದೇವರ ಉತ್ಸವ ಸಾಗುತ್ತದೆ, ಸಾವಿರಾರು ಜನ ಬೆಟ್ಟಗುಡ್ಡಗಳ ದಾರಿಯಲ್ಲಿ ಜೊತೆಗೆ ನಡೆಯುತ್ತಾರೆ. ತೊಟ್ಟಿಲಮಡು ಜಾತ್ರೆ ಎಂದು ಕರೆಯುವ ಅದೇ ಸಂದರ್ಭದಲ್ಲಿ ಮಕ್ಕಳ ಭಾಗ್ಯ ಬೇಡುವ ದಂಪತಿಗಳು ದೂರದೂರದಿಂದ ಬರುತ್ತಾರೆ. ಊರಿನ ಸುತ್ತ ನಡೆಯುವ ಈ ಪದ್ಧತಿ ಪ್ರವಾಸಿಗರಿಗಾಗಿ ಹುಟ್ಟಿದ್ದಲ್ಲ. ನೀರಿನ ನೆಲೆಗಳನ್ನು ವರ್ಷಕ್ಕೊಮ್ಮೆಯಾದರೂ ಇಡೀ ಊರು ಹೋಗಿ ಕಂಡುಬರುವ ಈ ಕ್ರಮ ನನಗೆ ಅತ್ಯಂತ ಗೌರವದ ಸಂಗತಿ. ಆದರೆ ಪೂರ್ತಿ ಸುತ್ತು ಗಟ್ಟಿ ಕಾಲುಗಳಿಗೆ ಮೀಸಲಾದದ್ದು. ನೀವು ಊರಿಗೆ ಹತ್ತಿರವಿರುವ ಒಂದೆರಡು ತೀರ್ಥಗಳನ್ನು ಕೇಳಿ ತಿಳಿದುಕೊಂಡು ನೋಡಿದರೆ ಸಾಕು. ಎಲ್ಲೇ ಆಗಲಿ ನೀರಿನಲ್ಲಿ ಸೋಪು ಹಾಕಿ ಕೈಕಾಲು ತೊಳೆಯುವುದು, ತಿಂಡಿಯ ಪೊಟ್ಟಣ ಬಿಟ್ಟುಬರುವುದು ಬೇಡವೆಂದು ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ. ಈ ಕೊಳಗಳಲ್ಲಿ ಕೆಲವು ಇಂದಿಗೂ ಬಳಕೆಯಲ್ಲಿವೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಮೇಲುಕೋಟೆಯ ಸುತ್ತಲಿನ ಕಾಡು, ಮುಖ್ಯವಾಗಿ ತೋಳಗಳ ರಕ್ಷಣೆಗಾಗಿ, 1974ರಲ್ಲಿ ವನ್ಯಜೀವಿ ಧಾಮವೆಂದು ಘೋಷಣೆಯಾದ ಪ್ರದೇಶ. ಚಿರತೆಗಳೂ ಇವೆ. ಜನ ಓಡಾಡುವ ದಾರಿಗಳಲ್ಲಿ ಹಗಲು ಹೊತ್ತು ಭಯಪಡುವ ಕಾರಣವಿಲ್ಲ, ಆದರೆ ಮುಸ್ಸಂಜೆಯಾಗುವ ಮೊದಲೇ ಊರಿನೊಳಗೆ ಬಂದುಬಿಡಿ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಡಿನ ಕಾಲುದಾರಿ ಹಿಡಿಯಬೇಡಿ, ಮಕ್ಕಳನ್ನು ಕಣ್ಣಳತೆಗಿಂತ ಮುಂದೆ ಓಡಲು ಬಿಡಬೇಡಿ.

ಕಾಲದ ವಿಷಯದಲ್ಲಿ ಹೇಳುವುದಾದರೆ, ಮಳೆ ಮುಗಿದ ಮೇಲೆ ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಕೊಳಗಳಲ್ಲಿ ನೀರೂ ಇರುತ್ತದೆ, ಬಿಸಿಲೂ ಹಿತವಾಗಿರುತ್ತದೆ. ಮಾರ್ಚ್–ಏಪ್ರಿಲ್ ಸುಮಾರಿಗೆ ಬರುವ, ದೇವರಿಗೆ ವಜ್ರದ ಕಿರೀಟ ತೊಡಿಸುವ ವೈರಮುಡಿ ಉತ್ಸವಕ್ಕೆ ಜನಸಾಗರವೇ ಸೇರುತ್ತದೆ. ದೇವರ ಉತ್ಸವ ನೋಡಲೆಂದೇ ಬರುವವರಿಗೆ ಅದಕ್ಕಿಂತ ಒಳ್ಳೆಯ ದಿನವಿಲ್ಲ, ಆದರೆ ಚಿಕ್ಕ ಮಕ್ಕಳೊಂದಿಗೆ ನಿಧಾನವಾಗಿ ನಡೆಯಲು ಅದು ಸರಿಯಾದ ಸಮಯವಲ್ಲ. ಶನಿವಾರ, ಭಾನುವಾರಗಳನ್ನು ತಪ್ಪಿಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ದೇವಸ್ಥಾನಗಳಲ್ಲಿ ಬರಿಗಾಲಿನಲ್ಲಿ ಕಾದ ಕಲ್ಲಿನ ಮೇಲೆ ನಡೆಯಬೇಕಾಗುವುದರಿಂದ ತಾಯಿಯವರಿಗೂ ಮಕ್ಕಳಿಗೂ ಒಂದು ಜೊತೆ ದಪ್ಪ ಕಾಲುಚೀಲ ಇಟ್ಟುಕೊಳ್ಳಿ. ನಡಿಗೆಯ ದಾರಿಗಳಲ್ಲಿ ಶೌಚಾಲಯ ಸಿಗುವುದು ಕಷ್ಟ, ಆದ್ದರಿಂದ ತಂಗಿದ ಛತ್ರದಿಂದ ಹೊರಡುವ ಮೊದಲೇ ಮಕ್ಕಳನ್ನು ಸಿದ್ಧಪಡಿಸಿಕೊಳ್ಳಿ.

ಎರಡನೆಯ ದಿನ ಸಂಜೆಯವರೆಗೆ ಮೇಲುಕೋಟೆಯಲ್ಲಿ ಉಳಿಯದೆ ಬೇಗ ಹೊರಡುವುದಾದರೆ, ಮರಳುವ ದಾರಿಯಲ್ಲಿ ಇನ್ನೂ ಉತ್ಸಾಹ ಉಳಿದಿದ್ದರೆ ಪಾಂಡವಪುರದ ಕಡೆಗೆ ಇಳಿದು ತೊಣ್ಣೂರಿಗೆ ಹೋಗಬಹುದು. ಎರಡು ಬೆಟ್ಟಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ದೊಡ್ಡ ಕೆರೆ ಅಲ್ಲಿದೆ. ಅದನ್ನು ರಾಮಾನುಜಾಚಾರ್ಯರು ಕಟ್ಟಿಸಿದರೆಂದು ಪ್ರತೀತಿ. ಏರಿಯ ಮೇಲೆ ಏರಿಳಿತವಿಲ್ಲದೆ ನಡೆಯಬಹುದಾದ್ದರಿಂದ ಮಂಡಿನೋವಿರುವವರಿಗೂ ಅನುಕೂಲ, ಊರೊಳಗಿನ ನಂಬಿನಾರಾಯಣ ದೇವಸ್ಥಾನದಲ್ಲಿ ಜನಸಂದಣಿಯೂ ಕಡಿಮೆ. ನೀರು ತಿಳಿಯಾಗಿ ಕಂಡರೂ ಕೆರೆ ಆಳವಾದದ್ದು, ಮಕ್ಕಳನ್ನು ಇಳಿಸಬೇಡಿ. ಮಧ್ಯಾಹ್ನದ ಬಿಸಿಲಿಗೆ ಮೊದಲು ಅಲ್ಲಿ ಒಂದು ಗಂಟೆ ಕಳೆದು ಹೊರಟರೆ ಕತ್ತಲಾಗುವುದರೊಳಗೆ ಬೆಂಗಳೂರು ಸೇರಿಕೊಳ್ಳುತ್ತೀರಿ.