ಅಕ್ಕಡಿ ಸಾಲು ಹಾಕಿದರೆ ಯೂರಿಯಾ ಬೇಡವೇ?

ಪ್ರಶ್ನೆ: ನಮ್ಮದು ಎರಡು ಎಕರೆ ಖುಷ್ಕಿ ಜಮೀನು. ರಾಗಿಯ ನಡುವೆ ತೊಗರಿ, ಅವರೆ, ಹುಚ್ಚೆಳ್ಳಿನ ಅಕ್ಕಡಿ ಸಾಲು ಹಾಕಿದರೆ ಅವೇ ಗಾಳಿಯಿಂದ ಸಾರಜನಕ ಹಿಡಿದು ರಾಗಿಗೂ ಕೊಡುವುದರಿಂದ ಯೂರಿಯಾ ಹಾಕಬೇಕಿಲ್ಲ ಎಂದು ಊರಿನ ಹಿರಿಯರು ಹೇಳುತ್ತಾರೆ. ಇದು ನಿಜವೇ?
— ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ಅರ್ಧ ನಿಜ. ಮೊದಲಿಗೆ ಹುಚ್ಚೆಳ್ಳನ್ನು ಈ ಲೆಕ್ಕದಿಂದ ಬಿಡಿ. ಅದು ಎಣ್ಣೆಕಾಳು, ಸಾರಜನಕ ಹಿಡಿಯುವ ಶಕ್ತಿ ಅದಕ್ಕಿಲ್ಲ. ತೊಗರಿ, ಅವರೆಯಂಥ ದ್ವಿದಳ ಬೆಳೆಗಳ ಬೇರಿನ ಗಂಟುಗಳಲ್ಲಿ ನೆಲೆಸುವ ರೈಜೋಬಿಯಂ ಎಂಬ ಸೂಕ್ಷ್ಮಾಣುಗಳು ಗಿಡ ತಯಾರಿಸಿದ ಸಕ್ಕರೆಯನ್ನು ಉಂಡು, ಗಾಳಿಯಲ್ಲಿ ಶೇ. 78ರಷ್ಟಿದ್ದರೂ ಯಾವ ಬೆಳೆಗೂ ನೇರವಾಗಿ ದಕ್ಕದ ಸಾರಜನಕವನ್ನು ಗಿಡ ಹೀರಬಲ್ಲ ರೂಪಕ್ಕೆ ತರುತ್ತವೆ. ಹೂ ಬಿಡುವ ಹೊತ್ತಿಗೆ ಒಂದು ಗಿಡವನ್ನು ಮಣ್ಣಿನ ಹೆಂಟೆ ಸಮೇತ ಸನಿಕೆಯಿಂದ ಎತ್ತಿ, ಬೇರನ್ನು ನೀರಿನಲ್ಲಿ ಅದ್ದಿ ತೊಳೆದು, ಗಂಟೊಂದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪಾಗಿದ್ದರೆ ಕೆಲಸ ನಡೆಯುತ್ತಿದೆ. ಹಸಿರಾಗಿಯೋ ಬೂದಾಗಿಯೋ ಇದ್ದರೆ ಇಲ್ಲ.

ಆದರೆ ಹೀಗೆ ಸಿಕ್ಕ ಸಾರಜನಕದ ಮೊದಲ ಹಕ್ಕುದಾರ ಆ ಗಿಡವೇ. ರಾಗಿ ತೆಂಡೆಯೊಡೆಯುವಾಗ ತೊಗರಿ ಇನ್ನೂ ಎಳೆಯದು. ಮುಂದೆಯೂ ಬಹುಪಾಲು ಸಾರಜನಕ ಕಾಳಿಗೆ ಸೇರಿ ಹೊಲದಿಂದ ಹೊರಗೆ ಹೋಗುತ್ತದೆ. ನೆಲಕ್ಕೆ ದಕ್ಕುವುದು ಮುಖ್ಯವಾಗಿ ಉದುರಿದ ಎಲೆ ಮತ್ತು ಕೊಳೆತ ಬೇರಿನಿಂದ, ಅದೂ ಮುಂದಿನ ಬೆಳೆಗೆ. ಆದ್ದರಿಂದ ಈ ವರ್ಷದ ರಾಗಿಯ ಪಾಲನ್ನು ಕಡಿಯಬೇಡಿ. ಖುಷ್ಕಿ ರಾಗಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಹೆಕ್ಟೇರಿಗೆ 50 ಕಿಲೊ ಸಾರಜನಕ, ಅಂದರೆ ಎಕರೆಗೆ ಸುಮಾರು 20 ಕಿಲೊ. ಯೂರಿಯಾದಲ್ಲಿ ಸಾರಜನಕ ಶೇ. 46 ಇರುವುದರಿಂದ ಎಕರೆಗೆ 44 ಕಿಲೊ ಯೂರಿಯಾ ಸಾಕು. ಸಾರಜನಕ, ರಂಜಕ ಎರಡನ್ನೂ ಕೊಡುವ ಡಿಎಪಿ ಗೊಬ್ಬರ ಹಾಕುವವರು ಅದರಲ್ಲಿರುವ ಸಾರಜನಕವನ್ನೂ ಇದರಲ್ಲಿ ಕಳೆಯಬೇಕು. ಮೇಲುಗೊಬ್ಬರವನ್ನು ಹದವಿದ್ದಾಗ ರಾಗಿ ಸಾಲಿಗೆ ಮಾತ್ರ ಕೊಡಿ. ಅಕ್ಕಡಿ ಸಾಲಿಗೂ ಎರಚಿದರೆ, ಪುಕ್ಕಟೆಯಾಗಿ ಸಾರಜನಕ ಸಿಕ್ಕ ಗಿಡ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ.

ನನ್ನ ಮಟ್ಟಿಗೆ ಅಕ್ಕಡಿಯ ದೊಡ್ಡ ಲಾಭ ಸಾರಜನಕವಲ್ಲ, ಮಳೆ ಕೈಕೊಟ್ಟ ವರ್ಷದ ಭದ್ರತೆ. ರಾಗಿಯ ಬೇರು ಮೇಲುಮಣ್ಣಿನಲ್ಲೇ ಹರಡಿಕೊಂಡರೆ ತೊಗರಿಯ ತಾಯಿಬೇರು ಆಳದ ತೇವಕ್ಕೆ ಇಳಿಯುತ್ತದೆ. ತೆನೆ ಕಟ್ಟುವಾಗ ಮಳೆ ನಿಂತು ರಾಗಿ ಜೊಳ್ಳಾದರೂ, ತಡವಾಗಿ ಹೂ ಬಿಡುವ ತೊಗರಿ, ಅವರೆ ಇಬ್ಬನಿಯ ಕಾಲದಲ್ಲಿ ಒಂದಿಷ್ಟು ಕಾಳು ಕೊಡುತ್ತವೆ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹೊಂದುತ್ತದೆ. ಕಟಾವಿನಲ್ಲಿ ತೊಗರಿ ಗಿಡವನ್ನು ಕೀಳದೆ ಬುಡಕ್ಕೆ ಕೊಯ್ದು, ಕಡ್ಡಿಯನ್ನು ಒಲೆಗೆ ಒಯ್ದರೂ ಬೇರನ್ನು ಮಣ್ಣಿನಲ್ಲೇ ಬಿಡಿ.